ಮೈಕ್ ಆಫ್ ಆದ ಮೇಲೆ

ರಾತ್ರಿ ಹತ್ತಕ್ಕೇ ಸ್ಪೀಕರ್ ನಿಲ್ಲಿಸಿದರು, ದುಡ್ಡು ದಂಡ ಅಂತ ಈ ವಾರ ತುಂಬಾ ಜನ ಬರೆದಿದ್ದಾರೆ. ಚಿಕ್ಕಬಳ್ಳಾಪುರದ ಹತ್ತಿರ ಬೆಟ್ಟದ ಬುಡದಲ್ಲಿ ನಡೆದ ಆ ಕ್ಯಾಂಪಿಂಗ್ ಸಂಗೀತ ಹಬ್ಬಕ್ಕೆ ನಾವೂ ಹೋಗಿದ್ದೆವು. ಅಷ್ಟು ದುಡ್ಡು ಕೊಟ್ಟ ಮೇಲೆ ಬೆಳಗಿನ ತನಕ ಹಾಡು ಕೇಳಬೇಕು ಅನ್ನಿಸೋದು ಸಹಜ. ಆದರೆ ನನ್ನನ್ನು ಕೇಳಿದರೆ ಇಡೀ ಹಬ್ಬದಲ್ಲಿ ಜೀವ ಇದ್ದಿದ್ದೇ ಹತ್ತರ ಮೇಲೆ. ಬೇಜಾರು ಮಾಡಿಕೊಂಡು ಕಾರು ಹತ್ತಿ ಬೆಂಗಳೂರಿಗೆ ಹೊರಟವರಿಗೆ ಅದು ಸಿಗಲೇ ಇಲ್ಲ.

ನಿಯಮ ಇವತ್ತಿನದಲ್ಲ. 2000ದಲ್ಲಿ ಬಂದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಹರಿದಿನ, ಸಾಂಸ್ಕೃತಿಕ ಕಾರ್ಯಕ್ರಮ ಅಂದರೆ ಸರ್ಕಾರ 12ರ ತನಕ ಬಿಡಬಹುದು, ಅದೂ ವರ್ಷಕ್ಕೆ ಹೆಚ್ಚೆಂದರೆ 15 ದಿನ. ಆಮೇಲೆ ಬಂದ ತಿದ್ದುಪಡಿಯಲ್ಲಿ ವಾದ್ಯಗಳನ್ನೂ ಸೇರಿಸಿದ್ದಾರೆ. ನಾನು ಈ ನಿಯಮದ ಪರ. ಯಾಕೆಂದರೆ ಆ ಬಯಲಿನ ಪಕ್ಕದಲ್ಲೇ ಒಂದು ಊರಿದೆ. ಅಲ್ಲಿಯವರು ನಸುಕಿಗೇ ಎದ್ದು ಹೂ ಬಿಡಿಸಿ ಮಾರ್ಕೆಟ್ಟಿಗೆ ಹಾಕಬೇಕು, ಹಾಲು ಕರೆದು ಡೈರಿಗೆ ಕೊಡಬೇಕು, ರೇಷ್ಮೆ ಹುಳು ಮನೆಗೆ ಸೊಪ್ಪು ತರಬೇಕು. ನಾವು ಒಂದೆರಡು ರಾತ್ರಿ ಇದ್ದು ಹೋಗುವವರು. ಅವರ ನಿದ್ದೆ ಕೆಡಿಸೋಕೆ ನಮಗೆ ಯಾವ ಹಕ್ಕೂ ಇಲ್ಲ.

ನಮ್ಮದು ಕೋಲಾರದ ಕಾಲೇಜು ದಿನಗಳ ಗುಂಪು. ಈಗ ಒಬ್ಬ ಹೊಸೂರಿನ ಫ್ಯಾಕ್ಟರಿಯಲ್ಲಿ, ಒಬ್ಬಳು ಮೇಷ್ಟ್ರು, ಇನ್ನೊಬ್ಬ ಚಿಂತಾಮಣಿಯಲ್ಲಿ ಅಪ್ಪನ ಮಂಡಿ ವ್ಯಾಪಾರ ನೋಡಿಕೊಳ್ಳುತ್ತಾನೆ. ಮದುವೆ, ತಿಥಿ ಬಿಟ್ಟರೆ ಎಲ್ಲರೂ ಒಟ್ಟಿಗೆ ಸೇರುವುದೇ ಅಪರೂಪ. ಸೇರಿದರೂ ಊಟ ಮುಗಿಯುತ್ತಲೇ ಎಲ್ಲರ ಕೈಗೂ ಗಾಡಿ ಕೀ ಬಂದುಬಿಡುತ್ತದೆ. ಟೆಂಟ್ ಹಾಕಿದರೆ ಆ ಅವಸರ ಇಲ್ಲ, ರಾತ್ರಿ ಅಲ್ಲೇ ಇರಲೇಬೇಕು. ಟೆಂಟ್ ಹಾಕೋದೂ ಸುಲಭ ಇರಲಿಲ್ಲ. ನಮ್ಮ ಕಡೆಯ ನೆಲ ಗೊತ್ತಲ್ವಾ, ಒಂದು ಗೇಣು ಮಣ್ಣು, ಕೆಳಗೆ ಬರೀ ಬಂಡೆ. ಗೂಟ ಇಳಿಯಲೇ ಇಲ್ಲ. ಕಲ್ಲು ಹೊತ್ತು ತಂದು ಹಗ್ಗಕ್ಕೆ ಕಟ್ಟಿ ನಿಲ್ಲಿಸಿದೆವು. ಚಳಿ ಅಂತ ಎಲ್ಲಾ ಜಿಪ್ ಎಳೆದು ಮಲಗಿದವರ ಟೆಂಟುಗಳಲ್ಲಿ ಬೆಳಗಾಗುವಷ್ಟರಲ್ಲಿ ಅವರ ಉಸಿರೇ ನೀರಾಗಿ ತೊಟ್ಟಿಕ್ಕುತ್ತಿತ್ತು. ಹೋಗುವವರು ನೆನಪಿಡಿ, ಎಷ್ಟೇ ಚಳಿ ಇರಲಿ ಒಂದು ಬದಿ ಸ್ವಲ್ಪ ತೆರೆದಿರಬೇಕು.

ವೇದಿಕೆಯ ಬ್ಯಾಂಡುಗಳು ಚೆನ್ನಾಗಿದ್ದವು. ಸೌಂಡ್ ಕೂಡ ಅಚ್ಚುಕಟ್ಟು. ಅದರ ಬಗ್ಗೆ ನನ್ನ ತಕರಾರಿಲ್ಲ.

ನನಗೆ ಹೊಟ್ಟೆ ಉರಿದಿದ್ದು ಗೇಟಿನ ಹತ್ತಿರ. ಅಲ್ಲಿ ತಮಟೆಯವರನ್ನು ನಿಲ್ಲಿಸಿದ್ದರು. ಬಂದವರೆಲ್ಲ ಕೈಗೆ ಪಟ್ಟಿ ಹಾಕಿಸಿಕೊಂಡು, ಅವರ ಮುಂದೆ ಎರಡು ಹೆಜ್ಜೆ ಕುಣಿದು, ರೀಲ್ಸ್ ಮಾಡಿಕೊಂಡು ಒಳಗೆ ಹೋಗುತ್ತಿದ್ದರು. ಪೋಸ್ಟರಿನಲ್ಲಿ ಅವರ ಹೆಸರಿಲ್ಲ. ವೇದಿಕೆಯ ಮೇಲೆ ಹತ್ತು ನಿಮಿಷದ ಜಾಗವೂ ಇಲ್ಲ. ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಪಡೆದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರು ಇದೇ ಜಿಲ್ಲೆಯವರು! ಅಂಥ ಜಿಲ್ಲೆಗೆ ಬಂದು, ಇಲ್ಲಿನ ಬೆಟ್ಟ ತೋರಿಸಿ ಟಿಕೆಟ್ ಮಾರಿ, ಇಲ್ಲಿನ ತಮಟೆಯನ್ನು ಗೇಟಿನ ಅಲಂಕಾರ ಮಾಡುವುದು ತಪ್ಪು. ಮೆತ್ತಗೆ ಹೇಳುವ ಮಾತೇ ಅಲ್ಲ ಇದು.

ಸಂಜೆ ತಮಟೆಯವರ ಕೆಲಸ ಮುಗಿದ ಮೇಲೆ ನಮ್ಮ ಮಂಡಿಯವನು ಹೋಗಿ ಮಾತಾಡಿಸಿ, ಊಟಕ್ಕೆ ನಮ್ಮ ಟೆಂಟಿನ ಹತ್ತಿರ ಕರೆದುಕೊಂಡು ಬಂದ. ಅವರ ಊರು ಇವನಿಗೆ ಗೊತ್ತು, ಇವನ ಅಪ್ಪ ಅವರಿಗೆ ಗೊತ್ತು. ಮನೆಯಿಂದ ತಂದಿದ್ದ ಹಿತಕಿದ ಅವರೆಬೇಳೆ ಸಾರು ಬಿಸಿ ಮಾಡಿದೆವು. ಊಟ ಆದ ಮೇಲೆ ಒಂದು ಸಲ ಬಾರಿಸ್ತೀರಾ ಅಂತ ಕೇಳಿದ್ದಕ್ಕೆ ಅವರಲ್ಲಿ ಹಿರಿಯರು ತಮಟೆಯ ಮೇಲೆ ಅಂಗೈ ಸವರಿ ನೋಡಿದರು. "ಚರ್ಮ ಮಂಜು ಕುಡ್ದೈತೆ ಕಣಪ್ಪಾ, ಒಸಿ ಬಿಸಿ ತೋರಿಸ್ಬೇಕು" ಅಂದರು. ಒಂದು ಹಿಡಿ ಒಣಹುಲ್ಲು ಹಚ್ಚಿ, ಉರಿಯ ಮೇಲೆ ತಮಟೆಯನ್ನು ನಿಧಾನವಾಗಿ ತಿರುಗಿಸಿದರು. ಆಗಾಗ ಬೆರಳಲ್ಲಿ ತಟ್ಟಿ, ಕಿವಿ ಹತ್ತಿರ ತಂದು ಕೇಳಿದರು. ಮೊದಲು ದಪ್ ದಪ್ ಅನ್ನುತ್ತಿದ್ದ ಚರ್ಮ ಬಿಗಿಯಾಗುತ್ತಾ ಬಂದು ಕೊನೆಗೆ ಟಣ್ ಅಂದಾಗ ಅವರ ಮುಖ ಅರಳಿತು. ಆಮೇಲೆ ಬಾರಿಸಿದ್ದನ್ನು ನನ್ನ ಕೈಲಿ ಬರೆಯೋಕೆ ಆಗಲ್ಲ. ದೊಡ್ಡ ವೇದಿಕೆಯ ಮುಂದಿದ್ದ ಜನ ಎದ್ದು ಈ ಕಡೆ ಬಂದರು ಅನ್ನುವುದಷ್ಟೇ ಹೇಳುತ್ತೇನೆ.

ಹತ್ತಾಯಿತು. ವೇದಿಕೆ ನಿಂತಿತು, ತಮಟೆಯೂ ನಿಂತಿತು, ಪಕ್ಕದ ಟೆಂಟಿನ ಗಿಟಾರ್ ಚೀಲ ಸೇರಿತು. ಉಳಿದಿದ್ದು ಬರೀ ಗಂಟಲು.

ನಮ್ಮ ಮೇಷ್ಟ್ರು ಗುಡಿಬಂಡೆಯವಳು. ಅವಳ ಅಜ್ಜಿ ನಮ್ಮ ಸೀಮೆಯ ಸಂತ ಕೈವಾರ ತಾತಯ್ಯನವರ ತತ್ವಪದಗಳನ್ನು ಹೇಳುತ್ತಿದ್ದರು. ಅದರಲ್ಲೊಂದು ತೆಲುಗು ಪದವನ್ನು ಇವಳು ಸಣ್ಣ ದನಿಯಲ್ಲಿ ಎತ್ತಿದಳು. ಕಾಲೇಜಿನಲ್ಲಿ ಮೂರು ವರ್ಷ ಜೊತೆಗಿದ್ದರೂ ಅವಳು ಹಾಡಿದ್ದನ್ನು ನಾವ್ಯಾರೂ ಕೇಳಿರಲಿಲ್ಲ. ತಮಟೆಯ ಹಿರಿಯರಿಗೆ ಅದು ಗೊತ್ತಿತ್ತು, ಎರಡನೇ ಸಾಲಿಗೆ ದನಿಗೂಡಿಸಿದರು. ಪಕ್ಕದ ಟೆಂಟಿನ ಹುಡುಗರು ಬಂದು ಕೂತರು. ಅವರಲ್ಲೊಬ್ಬ ಬಂಗಾಳಿ ಹಾಡು ಹೇಳಿದ. ಯಾರೂ ಫೋನ್ ಎತ್ತಲಿಲ್ಲ, ಆ ಕತ್ತಲಲ್ಲಿ ಎತ್ತಿದರೂ ಏನೂ ಕಾಣುತ್ತಿರಲಿಲ್ಲ. ಹಾಡಿನ ನಡುವೆ ಮಾತು, ಮಾತಿನ ನಡುವೆ ಹಾಡು. ಹೊಸೂರಿನವನು ಕೆಲಸ ಬಿಡುವ ಯೋಚನೆಯಲ್ಲಿದ್ದಾನೆ ಅಂತ ನನಗೆ ಗೊತ್ತಾಗಿದ್ದೂ ಅಲ್ಲೇ. ಸ್ಪೀಕರ್ ಅಬ್ಬರದಲ್ಲಿ ಅವನು ಅದನ್ನು ಹೇಳುತ್ತಿರಲಿಲ್ಲ.

ಬಯಲಲ್ಲಿ ರಾತ್ರಿ ಸಂಗೀತ ಅನ್ನೋದು ನಮ್ಮ ಸೀಮೆಗೆ ಹೊಸದೇನಲ್ಲ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದವರು 'ಹುಣ್ಣಿಮೆ ಹಾಡು' ಮಾಡಿಕೊಂಡು ಬಂದವರು. ಬಳೆ ಮಾರುತ್ತಿದ್ದ ನಾರಾಯಣಪ್ಪ ತಾತಯ್ಯನಾದ ಕೈವಾರದಲ್ಲಿ ಗುರುಪೂರ್ಣಿಮೆಗೆ ಮೂರು ದಿನ ಹಗಲೂ ರಾತ್ರಿ ಸಂಗೀತ ನಡೆಯುತ್ತದೆ. ದೂರದ ಅರುಣಾಚಲದ ಜೀರೋ ಕಣಿವೆಯಲ್ಲಿ 2012ರಿಂದ ನಡೆಯುತ್ತಿರುವ ಹಬ್ಬವನ್ನೇ ನೋಡಿ, ಅಲ್ಲಿನ ಅಪತಾನಿ ಬುಡಕಟ್ಟಿನ ಜನರೇ ಬಿದಿರಿನಲ್ಲಿ ವೇದಿಕೆ ಕಟ್ಟುತ್ತಾರೆ. ಊರಿನವರು ಅಲ್ಲಿ ಆತಿಥೇಯರು. ಇಲ್ಲಿ ಊರಿನವರಿಗೆ ಸಿಕ್ಕಿದ್ದು ಪಾರ್ಕಿಂಗ್ ಕಾಯುವ ಕೆಲಸ ಮತ್ತು ಬೆಳಿಗ್ಗೆ ಪ್ಲಾಸ್ಟಿಕ್ ಆಯುವ ಕೆಲಸ.

ಮುಂದಿನ ಸಲ ಯಾರೇ ಮಾಡಲಿ, ಏಳರಿಂದ ಎಂಟೂವರೆ ತಮಟೆಗೆ, ತತ್ವಪದಕ್ಕೆ ಕೊಡಿ. ಜನ ಜಾಸ್ತಿ ಇರುವ ಹೊತ್ತು ಅದು, ಅದನ್ನೇ ಕೊಡಿ. ಪೋಸ್ಟರಿನಲ್ಲಿ ಹೆಸರು ಹಾಕಿ. ಬ್ಯಾಂಡಿನವರಿಗೆ ಹೇಗೆ ಮುಂಗಡ ಕೊಡುತ್ತೀರೋ ಹಾಗೇ ಇವರಿಗೂ ಕೊಡಿ. ಹತ್ತರ ಮೇಲೆ ದೊಡ್ಡ ಲೈಟುಗಳನ್ನು ಆರಿಸಿ, ಜನ ಗುಂಪುಗುಂಪಾಗಿ ಕೂರೋಕೆ ಜಾಗ ಬಿಡಿ. ಸೆಕ್ಯುರಿಟಿಯವರು ನಮ್ಮ ಗುಂಪಿನ ಹತ್ತಿರ ಬಂದು ಟಾರ್ಚ್ ಬಿಟ್ಟು "ಒಳಗೆ ಹೋಗ್ರಿ" ಅಂತ ಎಬ್ಬಿಸುತ್ತಲೇ ಇದ್ದರು, ಅದು ಬೇಡ. ನೀರಿನ ಲೆಕ್ಕವನ್ನೂ ಮೊದಲೇ ಹಾಕಿ. ಸಾವಿರ ಅಡಿ ಕೊರೆದರೂ ಬೋರ್ ಫೇಲ್ ಆಗುವ ಸೀಮೆ ಇದು. ಇಲ್ಲಿ ಟ್ಯಾಂಕರ್ ತರಿಸಿ ಶವರ್ ಇಡುವ ಅಗತ್ಯ ಇಲ್ಲ, ಕುಡಿಯೋಕೆ, ಕೈಕಾಲು ತೊಳೆಯೋಕೆ ಇದ್ದರೆ ಸಾಕು.

ನಮ್ಮ ಗುಂಪು ಈ ಸಲ ಗುರುಪೂರ್ಣಿಮೆಗೆ ಕೈವಾರಕ್ಕೆ ಹೋಗುತ್ತಿದೆ. ಪಕ್ಕದ ಟೆಂಟಿನ ಹುಡುಗರೂ ಬರ್ತೀವಿ ಅಂದಿದ್ದಾರೆ. ಟೆಂಟ್ ಬೇಡ, ಒಂದು ಚಾಪೆ, ಒಂದು ಹೊದಿಕೆ ಸಾಕು. ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಸೇರಿ ಅಲ್ಲಿಂದ ಒಟ್ಟಿಗೆ ಹೊರಡೋದು. ಬರೋರು ಮೊದಲೇ ಹೇಳಿ.