ಟೇಟ್ ಗ್ಯಾಲರಿಯ 120 ಇಟ್ಟಿಗೆಗಳು: ಒಂದು ಸ್ಪಷ್ಟನೆ

ಲಂಡನ್ನಿನ ಟೇಟ್ ಗ್ಯಾಲರಿಯು ಕಟ್ಟಡ ಕೆಲಸದಲ್ಲಿ ಉಳಿದ ಇಟ್ಟಿಗೆ ರಾಶಿಯೊಂದನ್ನು ಕೋಟಿಗಟ್ಟಲೆ ಹಣ ತೆತ್ತು ಕೊಂಡಿತೆಂದೂ ಅಲ್ಲಿರುವುದು ಮೂಲ ಇಟ್ಟಿಗೆಗಳೂ ಅಲ್ಲವೆಂದೂ ಮಿನಿಮಲಿಸಂ (ಸರಳ ಆಕಾರ, ಕನಿಷ್ಠ ಅಲಂಕಾರದ ಕಲಾಪಂಥ) ಎಂಬುದೇ ಇಂಥದೊಂದು ಮೋಸವೆಂದೂ ಸಾರುವ ಚಿತ್ರವೊಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಚಿತ್ರ ನಿಜ, ಅದರ ಕೆಳಗಿನ ಒಕ್ಕಣೆ ಸರಿಯಲ್ಲ.

ಅದು ಅಮೆರಿಕದ ಶಿಲ್ಪಿ ಕಾರ್ಲ್ ಆಂದ್ರೆ 1966ರಲ್ಲಿ ರೂಪಿಸಿದ 'ಈಕ್ವಿವಲೆಂಟ್ 8' (ಈಕ್ವಿವಲೆಂಟ್ ಎಂದರೆ ಸಮಾನವಾದದ್ದು). 1972ರಲ್ಲಿ ಟೇಟ್ ಅದಕ್ಕೆ ಕೊಟ್ಟ ಬೆಲೆ 2,297 ಪೌಂಡ್. ಅದನ್ನು ರಾಶಿ ಎನ್ನುವುದೂ ತಪ್ಪು: ಕುಲುಮೆಗೆ ಬಳಸುವಂಥ 120 ಇಟ್ಟಿಗೆಗಳನ್ನು ಗಾರೆಯಿಲ್ಲದೆ, ಉದ್ದಕ್ಕೆ ಹತ್ತು, ಅಗಲಕ್ಕೆ ಆರರಂತೆ, ಎರಡು ವರಸೆಯಾಗಿ ನೆಲದ ಮೇಲೆಯೇ ಜೋಡಿಸಲಾಗಿದೆ, ಎತ್ತರ ಸುಮಾರು 13 ಸೆಂಟಿಮೀಟರ್. ನ್ಯೂಯಾರ್ಕಿನ ಮೊದಲ ಪ್ರದರ್ಶನದಲ್ಲಿ ಇಂಥ ಎಂಟು ಕೃತಿಗಳಿದ್ದು, ಎಲ್ಲದರಲ್ಲೂ ಇಟ್ಟಿಗೆ ಅಷ್ಟೇ ಇದ್ದರೂ ಆಕಾರ ಬೇರೆ ಬೇರೆಯಾಗಿದ್ದುದರಿಂದ, ಸಮವಾದದ್ದು ಕಣ್ಣಿಗೆ ಅಸಮವಾಗಿ ಕಾಣುವ ಸೋಜಿಗವೇ ಶೀರ್ಷಿಕೆಯ ಅರ್ಥವಾಗಿತ್ತು. ಒಂದನ್ನೇ ಬಿಡಿಯಾಗಿ ನೋಡಿದವರಿಗೆ ಆ ಅರ್ಥದ ಅರ್ಧಪಾಲು ತಪ್ಪಿಹೋಗುತ್ತದೆ ಎಂಬುದನ್ನು ಒಪ್ಪಲೇಬೇಕು.

ಟೇಟ್‌ನಲ್ಲಿರುವುದು 1966ರ ಇಟ್ಟಿಗೆಗಳಲ್ಲ ಎಂಬ ಮಾತು ಮಾತ್ರ ಸತ್ಯ. ಮೊದಲಿನವು ಮಾರಾಟವಾಗದೆ ಹಿಂತಿರುಗಿದ್ದವು. ಆಂದ್ರೆ ಬೇರೆ ಇಟ್ಟಿಗೆ ತಂದು ಕೃತಿಯನ್ನು ಮತ್ತೆ ಜೋಡಿಸಿದರು. ಕಲಾವಿದನ ಕೈಚಳಕ, ಭಾವೋದ್ರೇಕಗಳನ್ನು ಮೆರೆಸುತ್ತಿದ್ದ ಹಿಂದಿನ ತಲೆಮಾರಿನ ಅಮೂರ್ತ ಚಿತ್ರಕಲೆಗೆ ಬೆನ್ನು ತಿರುಗಿಸಿ, ಕಾರ್ಖಾನೆಯ ಸಿದ್ಧವಸ್ತುವನ್ನು ಇದ್ದಂತೆಯೇ ಇಡುವುದು ಮಿನಿಮಲಿಸಂ ಪಂಥದ ನಿಲುವಾಗಿದ್ದುದರಿಂದ ಅದರಲ್ಲಿ ವಂಚನೆಯಿಲ್ಲ. 1960ರಿಂದ 1964ರವರೆಗೆ ರೈಲ್ವೆಯಲ್ಲಿ ದುಡಿದಿದ್ದ ಆಂದ್ರೆಗೆ ಒಂದೇ ಬಗೆಯ ಬಿಡಿಗಳನ್ನು ಸಾಲುಗಟ್ಟಿಸುವುದು ಹೊಸತೇನಲ್ಲ. ಗದ್ದಲವೆದ್ದದ್ದು 1976ರಲ್ಲಿ, ಪತ್ರಿಕೆಗಳು ಖರೀದಿಯನ್ನು ಗೇಲಿ ಮಾಡಿದಾಗ. ಅದಕ್ಕೆ ಮೊದಲೂ ಕೃತಿ ಅಲ್ಲಿ ಪ್ರದರ್ಶನಗೊಂಡಿತ್ತು.