ತಪ್ಪು ಬಂದ ರೀಡಿಂಗ್ ಹರಿದು ಹಾಕಬೇಡಿ

ಎಂ.ಎಸ್ಸಿ. ಪ್ರಾಕ್ಟಿಕಲ್‌ನಲ್ಲಿ ನಮಗೊಂದು ರೂಢಿ ಇತ್ತು. ರೀಡಿಂಗ್ ಸರಿ ಬರದಿದ್ದರೆ ಸೀನಿಯರ್ ರೆಕಾರ್ಡ್ ತೆಗೆದು, ಅದರಲ್ಲಿದ್ದ ಅಂಕಿಯನ್ನೇ ಸ್ವಲ್ಪ ಹೆಚ್ಚುಕಡಿಮೆ ಮಾಡಿ ಬರೆಯುವುದು. ಒಮ್ಮೆ ನನ್ನ ಗ್ರಾಫ್ ಎಲ್ಲರದ್ದಕ್ಕಿಂತ ಬೇರೆ ಬಂತು. ಯಾಕೆ ಸರ್ ಅಂತ ಕೇಳಿದೆ. "ಸುಮ್ನೆ ತಲೆ ಕೆಡಿಸ್ಕೋಬೇಡ, ಸರಿಯಾದ್ದನ್ನ ಬರೆದು ಸೈನ್ ಹಾಕಿಸ್ಕೋ" ಅಂದರು. ಆ ಹಾಳೆ ಹರಿದು ಹಾಕಿದೆ. ಅವತ್ತು ನನ್ನ ಟೆಸ್ಟ್ ಟ್ಯೂಬಿನಲ್ಲಿ ಏನಾಗಿತ್ತು ಅನ್ನುವುದು ನನಗೆ ಇನ್ನು ಗೊತ್ತಾಗುವ ಹಾಗಿಲ್ಲ.

ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ ಬಂದು ಒಂಬತ್ತು ವರ್ಷವಾಯಿತು. ಇಲ್ಲಿ ನನ್ನ ಕೆಲಸ ಒಂದು ಮಿಲಿಮೀಟರ್ ಉದ್ದದ ಹುಳುವಿನ ಜೊತೆ. ಸಿ. ಎಲಿಗ್ಯಾನ್ಸ್ ಅಂತ ಹೆಸರು. ಅಗರ್ ಪ್ಲೇಟಿನ ಮೇಲೆ ಬ್ಯಾಕ್ಟೀರಿಯಾ ತಿನ್ನುತ್ತಾ ಬಳುಕಿ ಬಳುಕಿ ಹೋಗುತ್ತದೆ. ಮೈ ಗಾಜಿನ ಹಾಗೆ. ಮೈಕ್ರೋಸ್ಕೋಪ್ ಕೆಳಗಿಟ್ಟರೆ ಹೊಟ್ಟೆಯಲ್ಲಿ ಸಾಲಾಗಿ ಕೂತ ಮೊಟ್ಟೆಗಳು ಕಾಣುತ್ತವೆ. ತುದಿ ಚಪ್ಪಟೆ ಮಾಡಿದ ಪ್ಲಾಟಿನಂ ತಂತಿಯನ್ನು ಉರಿಗೆ ಹಿಡಿದು, ಆರಿದ ಮೇಲೆ ಒಂದೊಂದೇ ಹುಳುವನ್ನು ಎತ್ತಿ ಬೇರೆ ಪ್ಲೇಟಿಗೆ ಬಿಡುತ್ತೇನೆ.

ಈ ಹುಳುವನ್ನು 1963ರಲ್ಲಿ ಆರಿಸಿಕೊಂಡವರು ಇದೇ ಊರಿನಲ್ಲಿದ್ದ ಜೀವವಿಜ್ಞಾನಿ ಸಿಡ್ನಿ ಬ್ರೆನರ್. ದಕ್ಷಿಣ ಆಫ್ರಿಕಾದಲ್ಲಿ ಚಪ್ಪಲಿ ರಿಪೇರಿ ಮಾಡುತ್ತಿದ್ದವರ ಮಗ. ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. 1960ರಲ್ಲಿ ಬ್ರೆನರ್, ಫ್ರಾನ್ಸ್ವಾ ಜಾಕೋಬ್, ಮೆಸೆಲ್ಸನ್ ಮೂವರೂ ಕ್ಯಾಲಿಫೋರ್ನಿಯಾದಲ್ಲಿ ಒಂದು ಪ್ರಯೋಗ ಮಾಡುತ್ತಿದ್ದರು. ಡಿಎನ್‌ಎಯ ಸುದ್ದಿಯನ್ನು, ಕೋಶದೊಳಗೆ ಪ್ರೋಟೀನ್ ಕಟ್ಟುವ ರೈಬೋಸೋಮಿಗೆ ಒಯ್ಯುವುದು ಯಾವುದು ಎಂಬ ಹುಡುಕಾಟ. ಮಾಡಿದಷ್ಟು ಸಲವೂ ರೈಬೋಸೋಮ್ ಒಡೆದುಹೋಗುತ್ತಿತ್ತು. ಬೇಸರವಾಗಿ ಸಮುದ್ರದ ದಂಡೆಗೆ ಹೋಗಿ ಕೂತರು. ಅಲ್ಲಿ ಬ್ರೆನರ್ ಇದ್ದಕ್ಕಿದ್ದಂತೆ ಎದ್ದು ಮೆಗ್ನೀಸಿಯಂ ಅಂತ ಕೂಗಿದರು. ರೈಬೋಸೋಮನ್ನು ಹಿಡಿದಿಡುವ ಮೆಗ್ನೀಸಿಯಂ ಜಾಗವನ್ನು ದ್ರಾವಣದಲ್ಲಿದ್ದ ಸೀಸಿಯಂ ಕಿತ್ತುಕೊಳ್ಳುತ್ತಿತ್ತು. ಮೆಗ್ನೀಸಿಯಂ ಜಾಸ್ತಿ ಹಾಕಿದರು, ಪ್ರಯೋಗ ಕೈಗೂಡಿತು. ಸುದ್ದಿ ಒಯ್ಯುವ ಆ ಅಣು, ಕೋವಿಡ್ ಲಸಿಕೆಗಳಿಂದಾಗಿ ಎಲ್ಲರ ಬಾಯಿಗೂ ಬಂದ ಎಂಆರ್‌ಎನ್‌ಎ ಹಾಗೆ ಕೈಗೆ ಸಿಕ್ಕಿತು. ಯಾಕೆ ಒಡೆಯುತ್ತಿದೆ ಅಂತ ಕೇಳುವುದನ್ನು ಅವರು ಬಿಟ್ಟಿದ್ದರೆ?

ಬ್ರೆನರ್ ಲ್ಯಾಬಿನಲ್ಲೇ ಇದ್ದ ಜಾನ್ ಸಲ್‌ಸ್ಟನ್ ಕಥೆ ನನಗೆ ಇನ್ನೂ ಇಷ್ಟ. ದಿನಕ್ಕೆ ಗಂಟೆಗಟ್ಟಲೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಹುಳುವಿನ ಒಂದೊಂದು ಜೀವಕೋಶ ಒಡೆದು ಎರಡಾಗುವುದನ್ನು ಕೈಯಲ್ಲೇ ಚಿತ್ರ ಬರೆದುಕೊಂಡರು. ಹುಟ್ಟಿದ 1090 ಕೋಶಗಳಲ್ಲಿ 131 ಸತ್ತುಹೋಗುತ್ತಿದ್ದವು. ಪ್ರತಿ ಹುಳುವಿನಲ್ಲೂ ಅವೇ 131. ಸತ್ತದ್ದು ಲೆಕ್ಕಕ್ಕಿಲ್ಲ ಅಂತ ಅವರು ಬಿಡಲಿಲ್ಲ, ಅದನ್ನೂ ಬರೆದುಕೊಂಡರು. ಕೋಶಗಳು ಗೊತ್ತಾದ ಹೊತ್ತಿಗೆ ಸಾಯಬೇಕು ಅಂತ ವಂಶವಾಹಿಯಲ್ಲೇ ಇದೆ ಎಂದು ತಿಳಿದದ್ದು ಆ ದಾರಿಯಲ್ಲಿ. 2002ರ ನೊಬೆಲ್ ಬ್ರೆನರ್, ಸಲ್‌ಸ್ಟನ್, ಇದೇ ಹುಳುವಿನ ಮೇಲೆ ಕೆಲಸ ಮಾಡಿದ ಹಾರ್ವಿಟ್ಸ್ ಮೂವರಿಗೂ ಬಂತು.

ಅವರಿದ್ದ ಲ್ಯಾಬನ್ನು ನಡೆಸುತ್ತಿದ್ದ ಮ್ಯಾಕ್ಸ್ ಪೆರುಟ್ಸ್ ಕ್ಯಾಂಟೀನಿಗೆ ತುಂಬಾ ಬೆಲೆ ಕೊಟ್ಟವರು. ಅವರ ಹೆಂಡತಿ ಗಿಸೆಲಾ ಅದನ್ನು ಇಪ್ಪತ್ತು ವರ್ಷಕ್ಕೂ ಜಾಸ್ತಿ ನೋಡಿಕೊಂಡರು. ದೊಡ್ಡವರು, ಹುಡುಗರು ಒಂದೇ ಮೇಜಿನಲ್ಲಿ ಕೂರುತ್ತಿದ್ದರು. ನಾನಿರುವ ಲ್ಯಾಬಿನಲ್ಲೂ ಟೀ ಹೊತ್ತಿಗೆ ಜನ ತರುವುದು ಕೆಟ್ಟುಹೋದ ಪ್ರಯೋಗವನ್ನೇ. ಮೊದಲ ವರ್ಷ ನನ್ನ ಬಾಯಿಂದ ಆ ಮಾತು ಹೊರಡಲು ಆರು ತಿಂಗಳು ಬೇಕಾಯಿತು.

ನಮ್ಮಲ್ಲಿ ಬುದ್ಧಿ ಕಮ್ಮಿ ಅಂತ ನಾನು ಒಪ್ಪುವುದಿಲ್ಲ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ವಿಜ್ಞಾನಿ ಒಬೈದ್ ಸಿದ್ದಿಕಿ ಕಟ್ಟಿದ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ ಇದೆ, ಅಲ್ಲಿನ ಕೆಲಸವನ್ನು ಇಲ್ಲಿಯವರೂ ಓದುತ್ತಾರೆ. ಪೆಟ್ಟು ಬೀಳುವುದು ಅದಕ್ಕೂ ಮೊದಲು, ಡಿಗ್ರಿ ಕಾಲೇಜಿನ ರೆಕಾರ್ಡ್ ಬುಕ್ಕಿನಲ್ಲಿ. ಅಡುಗೆಮನೆಯಲ್ಲಾದರೆ ನಾವು ಹೀಗಿಲ್ಲ ಅಲ್ವಾ? ದೋಸೆ ಹಿಟ್ಟು ಉಬ್ಬದಿದ್ದರೆ ಅಮ್ಮ ಪಕ್ಕದ ಮನೆ ಹಿಟ್ಟು ತಂದು ತೋರಿಸುವುದಿಲ್ಲ. ರಾತ್ರಿ ಚಳಿ ಇತ್ತಾ, ಉದ್ದು ಕಮ್ಮಿ ಆಯ್ತಾ ಅಂತ ಹುಡುಕುತ್ತಾಳೆ.

ಹೋದ ತಿಂಗಳು ತುಮಕೂರಿನಿಂದ ಅಣ್ಣನ ಮಗಳು ಫೋನ್ ಮಾಡಿದ್ದಳು. ಎಂಜಲಿನ ಕಿಣ್ವ ಗಂಜಿಯ ಪಿಷ್ಟವನ್ನು ಒಡೆಯುವ ಪ್ರಯೋಗ. ಎಲ್ಲರ ಗಂಜಿಯಲ್ಲೂ ಅಯೋಡಿನ್ನಿನ ನೀಲಿ ಹೋಯಿತಂತೆ, ಇವಳದ್ದು ಹೋಗಲಿಲ್ಲ. "ಚಿಕ್ಕಪ್ಪ, ಫ್ರೆಂಡ್‌ದು ನೋಡಿ ಬರ್ಕೊಂಡ್ಬಿಡ್ಲಾ?" ಅಂದಳು. ನಿನ್ನ ಟ್ಯೂಬ್ ಇಟ್ಟ ನೀರು ಎಷ್ಟು ಬಿಸಿ ಇತ್ತು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನಾಳೆ ಬೇಗ ಹೋಗಿ ಥರ್ಮಾಮೀಟರ್ ಇಟ್ಟು ನೋಡ್ತೀನಿ."