ಐದು ನಿಮಿಷದ ಅಲ್ಯೂಮಿನಿಯಂ ಮಾಲೀಕ

"ಸರ್, ಅಲ್ಯೂಮಿನಿಯಂ ಈಗ ನಿಮ್ಮದು. ನಿಮ್ಮ ಪರವಾಗಿ ನಾವೇ ಮಾರಿಬಿಡೋಣವಾ?"

ಬ್ಯಾಂಕಿನ ಹುಡುಗಿ ಫೋನಿನಲ್ಲಿ ಹೀಗೆ ಕೇಳಿದಾಗ ನಾನು ಲಿಫ್ಟಿನಲ್ಲಿದ್ದೆ. ನಾನು ಕೇಳಿದ್ದು ಪರ್ಸನಲ್ ಲೋನ್. ಮಧ್ಯೆ ಈ ಅಲ್ಯೂಮಿನಿಯಂ ಎಲ್ಲಿಂದ ಬಂತು? ಗಾಬರಿಯಲ್ಲಿ "ಹೂಂ, ಮಾರಿ" ಅಂದೆ. ಐದು ನಿಮಿಷಕ್ಕೆಲ್ಲ ಖಾತೆಗೆ ದುಡ್ಡು ಬಿತ್ತು.

ದುಬೈಯಲ್ಲಿ ಬಡ್ಡಿ ತಗೊಳ್ಳುವ ಬ್ಯಾಂಕೂ ಇದೆ, ತಗೊಳ್ಳದ ಇಸ್ಲಾಮಿಕ್ ಬ್ಯಾಂಕೂ ಇದೆ. ಎರಡಕ್ಕೂ ಯಾರು ಬೇಕಾದರೂ ಹೋಗಬಹುದು. ನಾನು ಎರಡನೆಯದಕ್ಕೆ ಹೋಗಿದ್ದೆ. ಅಲ್ಲಿ ದುಡ್ಡನ್ನು ದುಡ್ಡಿಗೆ ಮಾರುವ ಹಾಗಿಲ್ಲ. ಅದಕ್ಕೇ ಬ್ಯಾಂಕು ಲೋಹ ಕೊಂಡು ನನಗೆ ಜಾಸ್ತಿ ಬೆಲೆಗೆ, ದುಡ್ಡು ಆಮೇಲೆ ಕಂತಿನಲ್ಲಿ ಕೊಡಿ ಅಂತ ಮಾರಿತು. ಆಮೇಲೆ ನನ್ನ ಏಜೆಂಟಾಗಿ ಅದನ್ನೇ ಬೇರೆಯವರಿಗೆ ನಗದಿಗೆ ಮಾರಿತು. ಇದಕ್ಕೆ ತವರ್ರುಖ್ ಅಂತ ಹೆಸರು.

ಊರಿನ ಗೆಳೆಯರಿಗೆ ಹೇಳಿದರೆ ನಗುತ್ತಾರೆ. "ಬಡ್ಡಿಗೆ ಬುರ್ಖಾ ಹಾಕಿದ್ದಾರೆ ಬಿಡೋ" ಅಂದವನೂ ಇದ್ದಾನೆ. ಆ ಮಾತು ನನಗೆ ಹಿಡಿಸಲಿಲ್ಲ, ಆದರೆ ತವರ್ರುಖ್ ಬಗ್ಗೆ ಅವನ ಅನುಮಾನ ಪೂರ್ತಿ ತಪ್ಪೇನಲ್ಲ. 2009ರಲ್ಲಿ ಶಾರ್ಜಾದಲ್ಲಿ ಸೇರಿದ್ದ ಇಸ್ಲಾಮಿಕ್ ದೇಶಗಳ ಫಿಖ್ (ಧರ್ಮಶಾಸ್ತ್ರ) ಅಕಾಡೆಮಿಯ ಪಂಡಿತರೇ ಬ್ಯಾಂಕುಗಳು ಹೀಗೆ ಮೊದಲೇ ಹೊಂದಿಸಿಟ್ಟು ಮಾಡುವ ತವರ್ರುಖ್ ಸಲ್ಲದು ಅಂದಿದ್ದರು. ಆದರೂ ನಡೆಯುತ್ತಿದೆ. ಲಾಭದ ದರವನ್ನೂ ಎಷ್ಟೋ ಸಲ ಇಲ್ಲಿನ ಬ್ಯಾಂಕುಗಳ ನಡುವಿನ ಬಡ್ಡಿದರ ನೋಡಿಯೇ ಗೊತ್ತುಮಾಡುತ್ತಾರೆ.

ಕಾರು ಕೊಂಡಾಗ ಮಾತ್ರ ಬೇರೆ ಅನುಭವ. ಅದು ಮುರಾಬಹಾ. ಬ್ಯಾಂಕು ಮೊದಲು ಕಾರನ್ನು ತಾನು ಕೊಳ್ಳಬೇಕು. ಅಸಲು ಬೆಲೆ ಇಷ್ಟು, ನಮ್ಮ ಲಾಭ ಇಷ್ಟು ಅಂತ ಬಾಯಿಬಿಟ್ಟು ಹೇಳಿ ನನಗೆ ಮಾರಬೇಕು. ಆ ನಡುವೆ ಕಾರಿಗೆ ಏನಾದರೂ ಆದರೆ ನಷ್ಟ ಬ್ಯಾಂಕಿನದು. ಕೆಲವೇ ಗಂಟೆಯ ಮಾತಿರಬಹುದು, ಆದರೂ ಆ ಹೊತ್ತು ಬ್ಯಾಂಕು ನಿಜವಾಗಿ ವ್ಯಾಪಾರಿ. ಒಮ್ಮೆ ನಿಂತ ಬೆಲೆ ಮತ್ತೆ ಏರುವುದಿಲ್ಲ. ಬೇಗ ತೀರಿಸುತ್ತೇನೆ ಅಂದರೆ ರಿಯಾಯಿತಿ ಕೊಡಲೇಬೇಕೆಂದೂ ಇಲ್ಲ, ಬೆಲೆ ಬೆಲೆಯೇ ತಾನೆ? ಮಲೇಷ್ಯಾದ ಕೇಂದ್ರ ಬ್ಯಾಂಕು ಇದನ್ನು ನೋಡಿ, ಅಂಥ ರಿಯಾಯಿತಿಯನ್ನು ಕರಾರಿನಲ್ಲೇ ಬರೆಯಿರಿ ಅಂತ ಕಡ್ಡಾಯ ಮಾಡಿತು.

ಭಾರತದಲ್ಲಿ ಬ್ಯಾಂಕು ಹೀಗೆ ಕಾರು ಕೊಂಡು ಮಾರುವುದು ಸಾಧ್ಯವೇ ಇಲ್ಲ. 1949ರ ಬ್ಯಾಂಕಿಂಗ್ ರೆಗ್ಯುಲೇಷನ್ ಕಾಯ್ದೆಯ 8ನೇ ಸೆಕ್ಷನ್ ಬ್ಯಾಂಕುಗಳಿಗೆ ಸರಕಿನ ವ್ಯಾಪಾರ ಬೇಡ ಅನ್ನುತ್ತದೆ. ಠೇವಣಿದಾರರ ದುಡ್ಡು ಸಂತೆಯಲ್ಲಿ ಸಿಕ್ಕಿಹಾಕಿಕೊಳ್ಳಬಾರದು ಅನ್ನುವ ಭಯ, ನ್ಯಾಯವಾದದ್ದೇ. 2008ರಲ್ಲಿ ರಘುರಾಮ್ ರಾಜನ್ ಸಮಿತಿ ಬಡ್ಡಿರಹಿತ ಬ್ಯಾಂಕಿಂಗ್‌ಗೂ ಜಾಗ ಕೊಡಿ ಅಂದಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಯೋಚನೆ ಕೈಬಿಟ್ಟಿತು.

ಧರ್ಮದ ನಿಯಮ ಕರಾರಿನೊಳಗೆ ಬಂದರೆ, ಕೊನೆಯ ಮಾತು ಯಾರದು ಅನ್ನುವ ಜಗಳವೂ ಬರುತ್ತೆ. 2017ರಲ್ಲಿ ಶಾರ್ಜಾದ ಡಾನಾ ಗ್ಯಾಸ್ ಕಂಪನಿ, ತಾನೇ ಹೊರಡಿಸಿದ್ದ ಸುಮಾರು 70 ಕೋಟಿ ಡಾಲರಿನ ಸುಕುಕ್ (ಇಸ್ಲಾಮಿಕ್ ಬಾಂಡ್ ಅನ್ನಿ) ಷರಿಯಾಕ್ಕೆ ಒಪ್ಪುವುದಿಲ್ಲ, ಹಾಗಾಗಿ ಯುಎಇ ಕಾನೂನಿನಲ್ಲಿ ನಿಲ್ಲುವುದಿಲ್ಲ ಅಂದುಬಿಟ್ಟಿತು. ಸಾಲ ಪಡೆಯುವಾಗ ಒಪ್ಪಿದ್ದು ತೀರಿಸುವಾಗ ಒಪ್ಪಲಿಲ್ಲ, ನೋಡಿ! ಲಂಡನ್ ಹೈಕೋರ್ಟು, ದುಡ್ಡು ಕೊಟ್ಟು ವಾಪಸ್ ಕೊಳ್ಳುತ್ತೇನೆ ಅಂತ ಕಂಪನಿ ಬರೆದುಕೊಟ್ಟ ಮರುಖರೀದಿಯ ಕರಾರು ಇಂಗ್ಲಿಷ್ ಕಾನೂನಿನಡಿ ಆದದ್ದು, ಅದು ನಡೆಯುತ್ತೆ ಅಂದಿತು. ಮರುವರ್ಷ ರಾಜಿಯಾಯಿತು. ಮಲೇಷ್ಯಾದಲ್ಲಿ ಈ ಗೊಂದಲ ಕಡಿಮೆ. 2009ರ ಕಾಯ್ದೆ ಪ್ರಕಾರ ಕೇಂದ್ರ ಬ್ಯಾಂಕಿನ ಷರಿಯಾ ಸಮಿತಿ ಹೇಳಿದ್ದಕ್ಕೆ ಕೋರ್ಟುಗಳೂ ತಲೆಬಾಗಬೇಕು. ಯುಎಇಯಲ್ಲೂ 2018ರಿಂದ ಕೇಂದ್ರ ಬ್ಯಾಂಕಿನಲ್ಲಿ ಇಡೀ ದೇಶಕ್ಕೊಂದು ಉನ್ನತ ಷರಿಯಾ ಪ್ರಾಧಿಕಾರ ಇದೆ.

ನನಗೆ ನಿಜವಾಗಿ ಹಿಡಿಸಿದ್ದು ಕಂತು ತಪ್ಪಿದಾಗಿನ ಲೆಕ್ಕ. ತಡವಾದರೆ ದಂಡ ಇಸ್ಲಾಮಿಕ್ ಬ್ಯಾಂಕಿನಲ್ಲೂ ಇದೆ. ಆದರೆ ಅದು ಬ್ಯಾಂಕಿನ ಆದಾಯಕ್ಕೆ ಸೇರುವಂತಿಲ್ಲ, ದಾನಕ್ಕೆ ಹೋಗಬೇಕು. ಬಾಕಿಯ ಮೇಲೆ ಬಾಕಿ ಬೆಳೆಯುವುದಿಲ್ಲ. ಗ್ರಾಹಕ ಎಡವಿದರೆ ಬ್ಯಾಂಕಿಗೆ ಲಾಭ ಇಲ್ಲ ಅಂದಮೇಲೆ, ಎಡವಲಿ ಅಂತ ಕಾಯುವುದೂ ಇಲ್ಲ. ನಮ್ಮ ರಿಸರ್ವ್ ಬ್ಯಾಂಕ್ 2023ರಲ್ಲಿ ಅರ್ಧ ದಾರಿ ಬಂದಿದೆ. ತಪ್ಪಿದ ಕಂತಿಗೆ ದಂಡಬಡ್ಡಿ ಹಾಕಬೇಡಿ, ಶುಲ್ಕ ಹಾಕಿ, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಬೇಡ ಅಂದಿತು. ಶುಲ್ಕ ಮಾತ್ರ ಬ್ಯಾಂಕಿನ ಜೇಬಿಗೇ. ಇನ್ನೂ ಹಿಂದೆ ಹೋದರೆ ಹಿಂದೂ ಕಾನೂನಿನ ದಾಮ್‌ದುಪಟ್ ನಿಯಮ ಇತ್ತು. ಬಾಕಿ ಬಡ್ಡಿ ಅಸಲನ್ನು ಮೀರುವಂತಿಲ್ಲ. ಬ್ರಿಟಿಷರ ಕಾಲದ ಮುಂಬೈ ಪ್ರಾಂತ್ಯದ ಕೋರ್ಟುಗಳೂ ಅದನ್ನು ಎತ್ತಿಹಿಡಿದಿದ್ದವು. ಚಕ್ರಬಡ್ಡಿಯ ಭಯ ನಮಗೇನು ಹೊಸದಾ?

ಹೋದ ವರ್ಷ ಸಂಬಳ ತಡವಾಗಿ ಕಾರಿನ ಒಂದು ಕಂತು ತಪ್ಪಿತು. ತಿಂಗಳ ಸ್ಟೇಟ್‌ಮೆಂಟ್ ತೆರೆದರೆ ಕೊನೆಯ ಸಾಲಿನಲ್ಲಿ ಸಣ್ಣ ಮೊತ್ತವೊಂದು, ಪಕ್ಕದಲ್ಲಿ "ದಾನದ ಖಾತೆಗೆ" ಅಂತ ಬರೆದಿತ್ತು. ಹೆಂಡತಿಗೆ ತೋರಿಸಿದೆ. "ಪರವಾಗಿಲ್ಲವೇ, ನಿಮ್ಮ ಕೈಯಿಂದಲೂ ದಾನ ಮಾಡಿಸಿದರಲ್ಲ" ಅಂದಳು.